ಪದ ಕೇಳಿ: ‘ನೈಈವ್ಲಿ’ ಅಂದರೆ ಮುಗ್ಧವಾಗಿಯೋ, ಪೆದ್ದಾಗಿಯೋ?

ಇಂಗ್ಲಿಷಿನ ‘ನೈಈವ್ಲಿ’ ಎಂಬ ಒಂದೇ ಕ್ರಿಯಾವಿಶೇಷಣದ ಸುತ್ತ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉದಾಹರಣೆಯ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಗಟ್ಟಿಯಾಗಿ ಓದಿಕೊಂಡರೆ ಕಿವಿಗೆ ಸಿಗುತ್ತವೆ.

ಪ್ರಶ್ನೆ: ‘ಹಿ ನೈಈವ್ಲಿ ಬಿಲೀವ್ಡ್ ದೆಮ್’ ಎಂಬ ವಾಕ್ಯಕ್ಕೆ ‘ಅವನು ಮುಗ್ಧವಾಗಿ ಅವರನ್ನು ನಂಬಿದ’ ಎಂದು ಬರೆದೆ. ಗೆಳೆಯ ಅದನ್ನು ಹೊಡೆದುಹಾಕಿ ‘ಪೆದ್ದುಪೆದ್ದಾಗಿ ನಂಬಿದ’ ಎಂದು ತಿದ್ದಿದ. ಯಾರು ಸರಿ?

ಇಬ್ಬರದೂ ಅರ್ಧ ಸರಿ. ಈ ಪದದೊಳಗೆ ಮೂರು ಸಂಗತಿಗಳು ಒಟ್ಟಿಗೆ ಕೂತಿವೆ. ಮೊದಲನೆಯದು, ಯಾರೋ ಏನನ್ನೋ ನಂಬಿದರು, ಇಲ್ಲವೇ ಹೀಗೇ ಇರುತ್ತದೆ ಎಂದು ಎಣಿಸಿದರು. ಎರಡನೆಯದು, ಹಾಗೆ ನಂಬಿದ್ದು ಅನುಭವ ಸಾಲದೆ, ಲೋಕ ಕಾಣದೆ. ಮೂರನೆಯದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ: ಹಾಗೆ ನಂಬಬಾರದಿತ್ತು, ಇನ್ನಷ್ಟು ಎಚ್ಚರ ಬೇಕಿತ್ತು ಎಂಬ ತೀರ್ಪು. ಈ ತೀರ್ಪು ನಂಬಿದವನದಲ್ಲ, ವಾಕ್ಯ ಹೇಳುತ್ತಿರುವವರದು.

ನಿಮ್ಮ ‘ಮುಗ್ಧವಾಗಿ’ಯಲ್ಲಿ ಮೊದಲ ಎರಡು ಇವೆ, ಮೂರನೆಯದು ಉದುರಿಹೋಗಿದೆ. ಕನ್ನಡದಲ್ಲಿ ಇಂದು ‘ಮುಗ್ಧ’ ಎಂದರೆ ಬಹುಪಾಲು ಮೆಚ್ಚುಗೆ. ಮಗುವಿನ ನಗೆಯೂ ಮುಗ್ಧವೇ. ಹಾಗಾಗಿ ನಿಮ್ಮ ವಾಕ್ಯ ಓದಿದವರಿಗೆ ಅವನ ಮೇಲೆ ಪ್ರೀತಿ ಬರುತ್ತದೆ, ಎಡವಿದನಲ್ಲ ಎಂಬ ಭಾವನೆ ಬರುವುದಿಲ್ಲ.

ಗೆಳೆಯರ ‘ಪೆದ್ದುಪೆದ್ದಾಗಿ’ಯಲ್ಲಿ ತೀರ್ಪು ಇದೆ, ಆದರೆ ಕಾರಣ ಬದಲಾಯಿತು. ಪೆದ್ದನಿಗೆ ಕೊರತೆ ಇರುವುದು ಬುದ್ಧಿಯದು. ನೈಈವ್ ಆದವನಿಗೆ ಕೊರತೆ ಇರುವುದು ಅನುಭವದ್ದು. ತನ್ನ ವಿಷಯದಲ್ಲಿ ಭಾರಿ ತಿಳಿದ ವಿಜ್ಞಾನಿಯೊಬ್ಬರು ಹಣದ ವ್ಯವಹಾರದ ಕರಾರಿಗೆ ಓದದೆ ಸಹಿ ಹಾಕಬಹುದು. ಆ ಸಹಿಯನ್ನು ಅವರು ಹಾಕಿದ್ದು ‘ನೈಈವ್ಲಿ’. ಅವರನ್ನು ಪೆದ್ದರೆಂದು ಯಾರೂ ಕರೆಯುವುದಿಲ್ಲ. ಒಬ್ಬರೇ ವ್ಯಕ್ತಿ ಒಂದು ಕ್ಷೇತ್ರದಲ್ಲಿ ಪಳಗಿದ ಕೈ, ಇನ್ನೊಂದರಲ್ಲಿ ಎಳಸು ಆಗಿರುವುದು ಸಾಮಾನ್ಯ. ಈ ಪದ ಹುಟ್ಟುವುದು ಆ ಎರಡನೆಯ ಕ್ಷೇತ್ರದಲ್ಲಿ.

ಮೂರನೆಯ ಸಂಗತಿ ನಿಜವಾಗಿ ಇದೆಯೇ ಎಂದು ನೋಡಲು ಸುಲಭದ ಪರೀಕ್ಷೆಯೊಂದಿದೆ. ‘ಹಿ ನೈಈವ್ಲಿ ಬಿಲೀವ್ಡ್ ದೆಮ್, ಆ್ಯಂಡ್ ದೇ ವರ್ ಟೆಲಿಂಗ್ ದ ಟ್ರೂತ್’ ಎಂದು ಓದಿ. ಎರಡನೆಯ ಭಾಗ ಮೊದಲನೆಯದರ ಜೊತೆ ಕೂರುವುದಿಲ್ಲ. ‘ನೈಈವ್ಲಿ’ ಎಂದ ತಕ್ಷಣವೇ ಕೇಳುಗರು ‘ಸರಿ, ಆಮೇಲೆ ಏನು ಎಡವಟ್ಟಾಯಿತು?’ ಎಂದು ಕಾಯತೊಡಗುತ್ತಾರೆ. ಅವರು ಹೇಳಿದ್ದು ನಿಜವೇ ಆಗಿತ್ತು ಎನ್ನಬೇಕಾದರೆ ‘ಆದರೂ ಅದೃಷ್ಟಕ್ಕೆ’ ಎಂಬಂಥ ಸೇತುವೆಯೊಂದನ್ನು ಕಟ್ಟಲೇಬೇಕು.

ನಿಮ್ಮ ವಾಕ್ಯಕ್ಕೆ ಒಂದು ಒಳ್ಳೆಯ ಕನ್ನಡ: ‘ಹಿಂದೆಮುಂದೆ ನೋಡದೆ ಅವರನ್ನು ನಂಬಿಬಿಟ್ಟ.’ ಇಲ್ಲಿ ಮುಗ್ಧವೂ ಇಲ್ಲ, ಪೆದ್ದೂ ಇಲ್ಲ. ಯಾಕೆ ಇದೇ ಹತ್ತಿರ ಎನ್ನುವುದನ್ನು ಅನುವಾದಕಿಯೊಬ್ಬರ ಪ್ರಶ್ನೆಗೆ ಉತ್ತರಿಸುವಾಗ ಬಿಡಿಸಿದ್ದೇವೆ.

ಪ್ರಶ್ನೆ: ಉಚ್ಚಾರಣೆ ನೇವ್ಲಿಯೋ ನೈವ್ಲಿಯೋ? ಕೆಲವು ಕಡೆ ಅಕ್ಷರದ ಮೇಲೆ ಎರಡು ಚುಕ್ಕೆ ಇರುತ್ತದೆ, ಅದು ಯಾಕೆ?

ಎರಡೂ ಅಲ್ಲ. ನೈ-ಈವ್-ಲಿ, ಮೂರು ಉಚ್ಚಾರಾಂಶ. ಒತ್ತು ಬೀಳಬೇಕಾದ್ದು ನಡುವಿನ ‘ಈವ್’ ಮೇಲೆ. ಮೊದಲ ಭಾಗವನ್ನು ‘ನಾ’ ಎನ್ನುವವರೂ ಇದ್ದಾರೆ, ಅಮೆರಿಕದಲ್ಲಿ ಅದೇ ಹೆಚ್ಚು: ನಾ-ಈವ್-ಲಿ. ಯಾವುದನ್ನು ಹಿಡಿದರೂ ‘ಈವ್’ ದೀರ್ಘವಾಗಿ, ಬೇರೆಯಾಗಿ ಕೇಳಿಸಬೇಕು.

ಕನ್ನಡದಲ್ಲಿ ‘ನೈವ್’ ಎಂದು ಬರೆಯುವ ಅಭ್ಯಾಸವಿರುವುದರಿಂದ ಎರಡು ಸ್ವರಗಳು ಒಂದಾಗಿಬಿಡುತ್ತವೆ. ಬರೆಯುವಾಗ ‘ನೈಈವ್’ ಎಂದೇ ಬಿಡಿಸಿ ಬರೆದರೆ ನಾಲಗೆಯೂ ಬಿಡಿಸಿ ಹೇಳುತ್ತದೆ. ‘ನೇವ್’ ಅನ್ನುವುದಂತೂ ಅಪಾಯದ ತಪ್ಪು. ಮೊದಲ ಅಕ್ಷರ ಕೆ ಆಗಿ, ಅದು ಉಚ್ಚಾರಣೆಯಲ್ಲಿ ಮೂಕವಾಗುವ ‘ನೇವ್’ ಎಂಬ ಹಳೆಯ ಇಂಗ್ಲಿಷ್ ಪದವೊಂದಿದೆ. ಅದರ ಅರ್ಥ ಠಕ್ಕ, ವಂಚಕ. ವಂಚನೆಗೆ ಒಳಗಾದವನನ್ನು ವಂಚಕನೆಂದು ಕರೆದಂತಾಗುತ್ತದೆ.

ಎರಡು ಚುಕ್ಕೆಯ ಕೆಲಸವೂ ಇದೇ. ಎ ಮತ್ತು ಐ ಅಕ್ಷರಗಳು ಅಕ್ಕಪಕ್ಕ ಬಂದರೆ ಇಂಗ್ಲಿಷ್ ಓದುಗರು ಅವನ್ನು ಸೇರಿಸಿ ಒಂದೇ ಸ್ವರವಾಗಿ ಓದುತ್ತಾರೆ. ಐ ಮೇಲಿನ ಚುಕ್ಕೆಗಳು ‘ಸೇರಿಸಬೇಡಿ, ಇಲ್ಲಿ ಹೊಸ ಉಚ್ಚಾರಾಂಶ ಶುರು’ ಎಂದು ಹೇಳುತ್ತವೆ. ಪದ ಫ್ರೆಂಚಿನಿಂದ ಬಂದದ್ದು, ಚುಕ್ಕೆಯೂ ಅಲ್ಲಿಂದಲೇ ಬಂತು. ಇಂದಿನ ಇಂಗ್ಲಿಷಿನಲ್ಲಿ ಚುಕ್ಕೆ ಇಲ್ಲದೆ ಬರೆಯುವುದೇ ಹೆಚ್ಚು. ಇಟ್ಟರೂ ತಪ್ಪಲ್ಲ. ಒಂದೇ ಬರಹದಲ್ಲಿ ಒಮ್ಮೆ ಇಟ್ಟು ಒಮ್ಮೆ ಬಿಡುವುದು ಮಾತ್ರ ಬೇಡ.

ಕಾಗುಣಿತ: ಎನ್, ಎ, ಐ, ವಿ, ಇ, ಎಲ್, ವೈ. ನಡುವಿನ ‘ಇ’ ಅಕ್ಷರವನ್ನು ಬಿಡುವುದು ಸಾಮಾನ್ಯ ತಪ್ಪು. ‘ಟ್ರೂ’ದಿಂದ ‘ಟ್ರೂಲಿ’ ಆಗುವಾಗ ಕೊನೆಯ ‘ಇ’ ಬಿದ್ದುಹೋಗುತ್ತದಲ್ಲ, ಅದನ್ನು ನೋಡಿ ಇಲ್ಲೂ ಬೀಳಿಸುತ್ತಾರೆ. ಇಲ್ಲಿ ಅದು ಉಳಿಯುತ್ತದೆ. ಹಾಗೆಯೇ, ಬೆರಳಚ್ಚಿನಲ್ಲಿ ವಿ ಮತ್ತು ಐ ಅದಲುಬದಲಾಗುವುದುಂಟು. ಹಾಗೆ ಆದಾಗ ಪದ ‘ಈವ್’ ಎಂಬ ಭಾಗವನ್ನೇ ಕಳೆದುಕೊಳ್ಳುತ್ತದೆ, ಗಟ್ಟಿಯಾಗಿ ಓದಿದರೆ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ.

ಪ್ರಶ್ನೆ: ನಾನು ಕಥೆಗಳನ್ನು ಅನುವಾದಿಸುತ್ತೇನೆ. ‘ಶಿ ನೈಈವ್ಲಿ ಹ್ಯಾಂಡೆಡ್ ದ ಕೀಸ್ ಟು ದ ಸ್ಟ್ರೇಂಜರ್’ ಎಂಬಂಥ ವಾಕ್ಯ ಬಂದಾಗಲೆಲ್ಲ ‘ಮುಗ್ಧತೆಯಿಂದ’ ಎಂದು ಹಾಕಿ ಮುಂದೆ ಹೋಗುತ್ತೇನೆ. ಕನ್ನಡ ಕೃತಕವಾಗಿ ಕೇಳಿಸುತ್ತದೆ. ಬೇರೆ ದಾರಿ ಏನಿದೆ?

ದಾರಿ ಇದೆ. ಇಂಗ್ಲಿಷ್ ಇಂಥ ತೀರ್ಪನ್ನು ಕ್ರಿಯಾವಿಶೇಷಣದಲ್ಲಿ ಇಡುತ್ತದೆ. ಕನ್ನಡ ಅದನ್ನು ಹೆಚ್ಚಾಗಿ ಕ್ರಿಯಾಪದದ ಬಾಲದಲ್ಲಿ ಇಡುತ್ತದೆ. ‘ವಾಗಿ’, ‘ತೆಯಿಂದ’ ಸೇರಿಸಿ ಹೊಸ ಪದ ಕಟ್ಟುವ ಮೊದಲು ಕ್ರಿಯಾಪದವನ್ನೇ ಹೊರಳಿಸಿ ನೋಡಬೇಕು.

ಮೊದಲ ಸಾಧನ ‘ಬಿಡು’. ‘ಕೊಟ್ಟಳು’ ಎಂದರೆ ಬರೀ ಘಟನೆ. ‘ಕೊಟ್ಟುಬಿಟ್ಟಳು’ ಎಂದಾಗ ಕೈಮೀರಿತು, ತಡೆದು ಯೋಚಿಸಬೇಕಿತ್ತು, ಈಗ ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ ಎಂಬ ನೆರಳು ಬೀಳುತ್ತದೆ. ‘ನೈಈವ್ಲಿ’ಯ ತೀರ್ಪು ಅಲ್ಲೇ ಮುಕ್ಕಾಲು ಭಾಗ ಬಂದುಹೋಯಿತು. ಉಳಿದ ಕಾಲು ಭಾಗಕ್ಕೆ ‘ಯಾರು ಏನು ಎಂದು ವಿಚಾರಿಸದೆ’ ಎಂಬಂಥ ಒಂದು ತುಂಡು ಸಾಕು: ‘ಯಾರು ಏನು ಎಂದು ವಿಚಾರಿಸದೆ ಆ ಅಪರಿಚಿತನ ಕೈಗೆ ಬೀಗದ ಕೈ ಕೊಟ್ಟುಬಿಟ್ಟಳು.’ ಗಮನಿಸಿ, ಆ ತುಂಡು ಅವಳು ಯಾವ ಎಚ್ಚರವನ್ನು ತಪ್ಪಿದಳು ಎನ್ನುವುದನ್ನು ಹೆಸರಿಸುತ್ತದೆ. ‘ಮುಗ್ಧತೆಯಿಂದ’ ಎಂದಾಗ ಆ ವಿವರವೇ ಇರಲಿಲ್ಲ. ಸಂದರ್ಭ ನೋಡಿ ತುಂಡು ಬದಲಾಗಲಿ: ಕಾಗದವಾದರೆ ‘ಓದಿ ನೋಡದೆ’, ಮಾತಾದರೆ ‘ಮರುಪ್ರಶ್ನೆ ಇಲ್ಲದೆ’, ಯೋಜನೆಯಾದರೆ ‘ಆಳ ಅಗಲ ನೋಡದೆ’.

ಎರಡನೆಯ ಸಾಧನ ‘ಕೊಳ್ಳು’, ಅದರಲ್ಲೂ ‘ಅಂದುಕೊಳ್ಳು’. ‘ಐ ನೈಈವ್ಲಿ ಥಾಟ್ ಇಟ್ ವುಡ್ ಬಿ ಈಝಿ’ ಎಂಬುದಕ್ಕೆ ‘ಸುಲಭವಾಗಿರುತ್ತದೆ ಅಂದುಕೊಂಡಿದ್ದೆ’ ಎಂದರೆ ಮುಗಿಯಿತು. ‘ಅಂದುಕೊಂಡಿದ್ದೆ’ ಎಂಬ ರೂಪವೇ ‘ಹಾಗಾಗಲಿಲ್ಲ’ ಎಂದು ಹೇಳಿಬಿಡುತ್ತದೆ. ಅದರ ಹಿಂದೆ ಮತ್ತೆ ‘ಮುಗ್ಧವಾಗಿ’ ಸೇರಿಸಿದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತೆ, ಮೇಲಾಗಿ ತನ್ನನ್ನು ತಾನೇ ಮುಗ್ಧ ಎಂದು ಹೊಗಳಿಕೊಂಡಂತೆಯೂ ಕೇಳಿಸುತ್ತದೆ.

‘ಕೂರು’ ಎಂಬುದನ್ನೂ ಮರೆಯಬೇಡಿ. ಬಹಳ ಕಾಲ ಎಳೆದ ಹುಸಿ ನಂಬಿಕೆಗೆ ‘ನಂಬಿಕೊಂಡು ಕೂತಿದ್ದ’ ಎನ್ನುವಷ್ಟು ಒಪ್ಪುವ ಮಾತು ಇನ್ನೊಂದಿಲ್ಲ.

ಮೂರನೆಯದು ವಾಕ್ಯದ ಹೊರಗೆ ನಿಲ್ಲುವ ಪದ: ‘ಪಾಪ’. ‘ಪಾಪ, ಅವನು ಹೇಳಿದ್ದನ್ನೆಲ್ಲ ನಂಬಿಬಿಟ್ಟಳು.’ ಹೇಳುವವರಿಗೆ ನಂಬಿದವಳ ಮೇಲೆ ಕನಿಕರವಿದ್ದಾಗ ‘ನೈಈವ್ಲಿ’ಗೆ ಇದಕ್ಕಿಂತ ಹತ್ತಿರದ ಕನ್ನಡ ನಮಗೆ ಕಂಡಿಲ್ಲ. ತೀರ್ಪು ಹೇಳುವವರದು ಎಂದೆವಲ್ಲ, ‘ಪಾಪ’ ಕೂಡ ಹೇಳುವವರದ್ದೇ, ಪಾತ್ರದ್ದಲ್ಲ. ಆದರೆ ಇದು ಮಾತಿನ ಧಾಟಿಯ ನಿರೂಪಣೆಗೆ ಮಾತ್ರ ಹೊಂದುತ್ತದೆ. ನಿರೂಪಕರು ತಣ್ಣಗೆ, ದೂರ ನಿಂತು ಹೇಳುತ್ತಿರುವ ಗದ್ಯದಲ್ಲಿ ‘ಪಾಪ’ ಬಂದರೆ ಧಾಟಿ ಕೆಡುತ್ತದೆ. ಅಲ್ಲಿ ‘ಬಿಡು’ವಿಗೇ ನಿಲ್ಲಿ.

ಕನಿಕರದ ಬದಲು ಅಸಹನೆ ಇದ್ದರೆ ಗಾದೆ, ನುಡಿಗಟ್ಟುಗಳಿವೆ. ‘ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬಿದ’ ಎಂಬುದು ಹೆಚ್ಚುಕಡಿಮೆ ‘ನೈಈವ್ಲಿ’ಯ ನಿಘಂಟಿನ ಅರ್ಥವೇ. ತೋರಿಕೆಯನ್ನು ನೋಡಿ ತಿರುಳನ್ನು ಪರೀಕ್ಷಿಸದೆ ನಂಬುವುದು. ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ’ ಎಂಬ ಗಾದೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಎತ್ತು ಈಯಲಾರದು ಎನ್ನುವುದಕ್ಕೆ ಲೋಕಾನುಭವ ಬೇಡ, ಒಂದು ಕ್ಷಣದ ಯೋಚನೆ ಸಾಕು. ಹಾಗಾಗಿ ಅದು ‘ಕ್ರೆಡ್ಯುಲಸ್ಲಿ’ ಎಂಬ ಪದಕ್ಕೆ ಹೊಂದುತ್ತದೆ, ‘ನೈಈವ್ಲಿ’ಗೆ ತುಸು ಕಟು. ಕೋಲೆ ಬಸವನಂತೆ ತಲೆಯಾಡಿಸುವುದನ್ನು ಇಲ್ಲಿ ತರಬೇಡಿ. ಬಸವ ತಲೆಯಾಡಿಸುವುದು ಹೇಳಿದ್ದನ್ನು ಒಪ್ಪಲು. ಅವನು ನಂಬಿದ್ದಾನೋ ಇಲ್ಲವೋ ಎಂಬ ಮಾತೇ ಅಲ್ಲಿಲ್ಲ.

ಇನ್ನೊಂದು ಎಚ್ಚರ. ‘ನೈಈವ್ಲಿ’ ಇರುವ ವಾಕ್ಯದಲ್ಲಿ ಪಾತ್ರವೇ ತನ್ನ ಹಿಂದಿನ ತಪ್ಪನ್ನು ಹೇಳಿಕೊಳ್ಳುತ್ತಿದೆಯೋ, ನಿರೂಪಕರು ಹೇಳುತ್ತಿದ್ದಾರೋ, ಅಥವಾ ಆ ಪಾತ್ರವನ್ನು ಕೀಳಾಗಿ ನೋಡುವ ಇನ್ನೊಂದು ಪಾತ್ರದ ಕಣ್ಣಿನಿಂದ ಹೇಳಿದ್ದೋ ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ತಾನೇ ಹೇಳಿಕೊಂಡರೆ ‘ನನಗೇನು ಗೊತ್ತಿತ್ತು, ನಂಬಿದೆ’ ಎಂಬ ಧಾಟಿ. ನಿರೂಪಕರಾದರೆ ‘ನಂಬಿಬಿಟ್ಟಳು’. ಕೀಳಾಗಿ ನೋಡುವವರಾದರೆ ‘ಏನೂ ತಿಳಿಯದ ಕೂಸಿನ ಹಾಗೆ ನಂಬಿದಳಂತೆ’. ಆ ಕೊನೆಯ ‘ಅಂತೆ’ಯಲ್ಲೇ ತಾತ್ಸಾರ ಕೂತಿದೆ. ಇಂಗ್ಲಿಷಿನಲ್ಲಿ ಮೂರಕ್ಕೂ ಒಂದೇ ಪದ. ಕನ್ನಡದಲ್ಲಿ ಮೂರಕ್ಕೂ ‘ಮುಗ್ಧತೆಯಿಂದ’ ಎಂದು ಹಾಕಿದರೆ ಈ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ. ನಿಮಗೆ ಕೃತಕವೆನಿಸಿದ್ದು ಇದೇ ಕಾರಣಕ್ಕೆ.

ಹಾಗಾದರೆ ‘ಮುಗ್ಧವಾಗಿ’ ಎಲ್ಲೂ ಬೇಡವೇ? ಬೇಕು. ಕ್ರಿಯೆ ಕೇಳುವುದು, ನೋಡುವುದು, ನಗುವುದು ಆಗಿದ್ದಾಗ ಚೆನ್ನಾಗಿ ಹೊಂದುತ್ತದೆ. ‘ಚಂದ್ರ ನಮ್ಮ ಹಿಂದೆ ಯಾಕೆ ಬರುತ್ತಾನೆ ಎಂದು ಮಗು ಮುಗ್ಧವಾಗಿ ಕೇಳಿತು’ ಎನ್ನುವಲ್ಲಿ ಯಾವ ಕೃತಕತೆಯೂ ಇಲ್ಲ. ಎಡವುವುದು ‘ನಂಬು’, ‘ಎಣಿಸು’, ‘ಕೊಡು’, ‘ಸಹಿ ಹಾಕು’ ಎಂಬಂಥ, ಪರಿಣಾಮ ಇರುವ ಕ್ರಿಯೆಗಳ ಜೊತೆಗೆ.

ಪ್ರಶ್ನೆ: ಟ್ರಸ್ಟಿಂಗ್ಲಿ, ಇನೊಸೆಂಟ್ಲಿ, ಕ್ರೆಡ್ಯುಲಸ್ಲಿ, ಇಂಜೆನ್ಯುಅಸ್ಲಿ… ಎಲ್ಲಕ್ಕೂ ನಿಘಂಟಿನಲ್ಲಿ ಒಂದೇ ಅರ್ಥ ಕಾಣುತ್ತದೆ. ಬರೆಯುವಾಗ ಯಾವುದನ್ನು ಯಾವಾಗ ಹಾಕಬೇಕು?

‘ಟ್ರಸ್ಟಿಂಗ್ಲಿ’ಯಿಂದ ಶುರುಮಾಡಿ, ಅದೇ ಎಲ್ಲಕ್ಕಿಂತ ಶುದ್ಧ. ಅದು ನಂಬಿಕೆಯನ್ನು ಒಳಗಿನಿಂದ ನೋಡುತ್ತದೆ. ಮಗು ಅಮ್ಮನ ಕೈಯನ್ನು ‘ಟ್ರಸ್ಟಿಂಗ್ಲಿ’ ಹಿಡಿಯುತ್ತದೆ. ಆ ನಂಬಿಕೆ ಸರಿಯೋ ತಪ್ಪೋ ಎಂಬ ಮಾತೇ ಪದದಲ್ಲಿಲ್ಲ. ಅಮ್ಮನ ಕೈಯನ್ನು ಮಗು ‘ನೈಈವ್ಲಿ’ ಹಿಡಿಯಿತು ಎಂದು ಬರೆದು ನೋಡಿ, ಓದುಗರಿಗೆ ಅಮ್ಮನ ಮೇಲೆಯೇ ಅನುಮಾನ ಬರುತ್ತದೆ. ಬರೀ ನಂಬಿಕೆಯನ್ನು ಹೇಳಬೇಕಿದ್ದರೆ ‘ಟ್ರಸ್ಟಿಂಗ್ಲಿ’, ಆ ನಂಬಿಕೆಯನ್ನು ತೂಗಿ ಹೇಳಬೇಕಿದ್ದರೆ ‘ನೈಈವ್ಲಿ’. ಬರೆಯುವವರಿಗೆ ಈ ಒಂದು ಭೇದ ಗಟ್ಟಿಯಾದರೆ ಉಳಿದವು ತಾವಾಗಿ ಜಾಗಕ್ಕೆ ಬರುತ್ತವೆ. ಕನ್ನಡದಲ್ಲಿ ‘ಟ್ರಸ್ಟಿಂಗ್ಲಿ’ಗೆ ‘ನಂಬಿ’, ‘ನೆಚ್ಚಿ’, ‘ಪೂರ್ತಿ ನಂಬಿಕೆಯಿಂದ’ ಸಾಕು.

‘ಇನೊಸೆಂಟ್ಲಿ’ ಎರಡು ಮುಖದ ಪದ. ಮೂಲದಲ್ಲಿ ಅದು ‘ಕೇಡು ಮಾಡದ’ ಎಂಬ ಲ್ಯಾಟಿನ್ ಅರ್ಥದಿಂದ ಬಂದದ್ದು, ಹಾಗಾಗಿ ಅದರ ಒತ್ತು ನಂಬಿಕೆಗಿಂತ ನಿರಪರಾಧದ ಮೇಲೆ. ಆದರೆ ಕಥೆಗಳಲ್ಲಿ ‘“ವಾಟ್ ಲೆಟರ್?” ಹಿ ಆಸ್ಕ್ಡ್ ಇನೊಸೆಂಟ್ಲಿ’ ಎಂದು ಬಂದರೆ ಹತ್ತಕ್ಕೆ ಒಂಬತ್ತು ಸಲ ಅದು ನಟನೆ. ‘ಏನೂ ಗೊತ್ತಿಲ್ಲದವನ ಹಾಗೆ ಕೇಳಿದ’ ಎಂದೇ ಅನುವಾದಿಸಬೇಕು. ‘ಮುಗ್ಧವಾಗಿ ಕೇಳಿದ’ ಎಂದರೆ ಕಥೆಯ ತಿರುವೇ ಕೈತಪ್ಪುತ್ತದೆ. ‘ನೈಈವ್ಲಿ’ ಹೀಗೆ ನಟನೆಗೆ ಬರುವುದು ಅಪರೂಪ.

‘ಕ್ರೆಡ್ಯುಲಸ್ಲಿ’ಯಲ್ಲಿ ಗುಣವೇ ದೋಷ. ಹೇಳಿದ್ದನ್ನೆಲ್ಲ ನಂಬುವ ಚಾಳಿ, ಸಾಕ್ಷ್ಯ ಬೇಡವೆನ್ನುವುದು. ಲ್ಯಾಟಿನಿನ ‘ನಂಬು’ ಎಂಬ ಧಾತುವಿನಿಂದ ಬಂದದ್ದು, ಸಾಲಕ್ಕೆ ಹೇಳುವ ‘ಕ್ರೆಡಿಟ್’ ಅದರ ಒಡಹುಟ್ಟು. ‘ಗಲ್ಲಿಬಲ್’ ಇನ್ನೂ ಖಾರ. ‘ಗಲ್’ ಎಂಬ ಹಳೆಯ ಕ್ರಿಯಾಪದಕ್ಕೆ ಮೋಸಗೊಳಿಸು ಎಂದೇ ಅರ್ಥ, ಹಾಗಾಗಿ ‘ಗಲ್ಲಿಬಲ್’ ಎಂದರೆ ಸುಲಭವಾಗಿ ಮೋಸಹೋಗುವವರು. ಅದರ ಕ್ರಿಯಾವಿಶೇಷಣ ರೂಪ ಇದೆ, ಆದರೆ ಬಳಕೆ ಕಡಿಮೆ, ಬಿಟ್ಟರೆ ನಷ್ಟವಿಲ್ಲ.

‘ಇಂಜೆನ್ಯುಅಸ್ಲಿ’ಯ ಬಗ್ಗೆ ಒಂದೇ ಎಚ್ಚರಿಕೆ. ಇದರ ಅರ್ಥ ಒಳಗೊಂದು ಹೊರಗೊಂದು ಇಲ್ಲದೆ, ಮನಸ್ಸು ಬಿಚ್ಚಿ. ಒಂದೇ ಒಂದು ಸ್ವರ ಬದಲಾದರೆ ಅದು ‘ಇಂಜೀನಿಯಸ್ಲಿ’ ಆಗುತ್ತದೆ, ಅರ್ಥ ಬಲು ಜಾಣತನದಿಂದ. ಇಂಗ್ಲಿಷನ್ನೇ ಹುಟ್ಟುಭಾಷೆಯಾಗಿ ಆಡುವವರೂ ಇಲ್ಲಿ ಎಡವುತ್ತಾರೆ. ಖಚಿತವಿಲ್ಲದಿದ್ದರೆ ‘ಫ್ರ್ಯಾಂಕ್ಲಿ’ ಅಥವಾ ‘ಕ್ಯಾಂಡಿಡ್ಲಿ’ ಬರೆಯಿರಿ.

ಕನ್ನಡದ ಕಡೆಯಿಂದ ಒಂದು ಒಳ್ಳೆಯ ಪದವನ್ನು ಇಲ್ಲಿ ನೆನಪಿಸಬೇಕು: ‘ಅಮಾಯಕ’. ಮಾಯೆ ಇಲ್ಲದವರು, ಕಪಟ ಅರಿಯದವರು. ಇಂಗ್ಲಿಷಿನ ‘ಗೈಲ್‌ಲೆಸ್’ ಎಂಬ ಪದವೂ ಅಕ್ಷರಶಃ ಹೀಗೆಯೇ ಕಟ್ಟಿದ್ದು, ಕಪಟ ಎಂಬುದಕ್ಕೆ ಇಲ್ಲ ಎಂಬ ಪ್ರತ್ಯಯ. ‘ಅಮಾಯಕರನ್ನು ವಂಚಿಸಿದರು’ ಎಂಬ ಪತ್ರಿಕೆಯ ವಾಕ್ಯವನ್ನು ಇಂಗ್ಲಿಷಿಗೆ ತರುವಾಗ ‘ನೈಈವ್ ಪೀಪಲ್’ ಎಂದು ಬರೆದರೆ ತಪ್ಪು ವಂಚನೆಗೆ ಒಳಗಾದವರ ತಲೆಗೆ ಬರುತ್ತದೆ. ‘ಅನ್‌ಸಸ್ಪೆಕ್ಟಿಂಗ್ ಪೀಪಲ್’ ಎನ್ನಿ. ತಪ್ಪು ವಂಚಿಸಿದವನಲ್ಲೇ ಉಳಿಯುತ್ತದೆ.

ಪ್ರಶ್ನೆ: ಮೋಸದ ಕರೆಗೆ ಹಣ ಕಳೆದುಕೊಂಡ ಬಗ್ಗೆ ಇಂಗ್ಲಿಷಿನಲ್ಲಿ ದೂರು ಬರೆಯಬೇಕಿದೆ. ‘ಐ ನೈಈವ್ಲಿ ಟ್ರಾನ್ಸ್‌ಫರ್ಡ್ ದ ಅಮೌಂಟ್’ ಎಂದು ಬರೆಯಬಹುದೇ?

ಬರೆಯಬೇಡಿ. ಮೂರನೆಯ ಸಂಗತಿ ಇಲ್ಲಿ ನಿಮ್ಮ ವಿರುದ್ಧವೇ ತಿರುಗುತ್ತದೆ. ‘ನಾನು ಎಚ್ಚರ ವಹಿಸಬೇಕಿತ್ತು, ವಹಿಸಲಿಲ್ಲ’ ಎಂದು ನಿಮ್ಮ ಕೈಯಾರೆ ಬರೆದುಕೊಟ್ಟಂತೆ. ಗೆಳೆಯರಿಗೆ ಹೇಳುವಾಗ ಆ ಪದ ಸಹಜ, ದೂರಿನಲ್ಲಿ ಅದಕ್ಕೆ ಕೆಲಸವಿಲ್ಲ.

ದೂರಿಗೆ ಬೇಕಾದ್ದು ನೀವು ಯಾವುದನ್ನು ನಂಬಿದಿರಿ ಮತ್ತು ಯಾಕೆ ನಂಬಿದಿರಿ ಎಂಬ ವಿವರ. ‘ರಿಲೈಯಿಂಗ್ ಆನ್ ದ ಕಾಲರ್ಸ್ ಸ್ಟೇಟ್‌ಮೆಂಟ್ ದ್ಯಾಟ್…’ ಎಂದು ಶುರುಮಾಡಿ, ಅವನು ಯಾರೆಂದು ಹೇಳಿಕೊಂಡ, ನಿಮ್ಮ ಬಗ್ಗೆ ಯಾವ ಮಾಹಿತಿ ಅವನ ಬಳಿ ಮೊದಲೇ ಇತ್ತು, ಎಷ್ಟು ಹೊತ್ತಿಗೆ ಕರೆ ಬಂತು, ಎಷ್ಟು ಹೊತ್ತಿಗೆ ಹಣ ಹೋಯಿತು ಎಂದು ಅದೇ ಕ್ರಮದಲ್ಲಿ ಬರೆಯಿರಿ. ಒಂದೇ ಪದ ಸಾಕೆನಿಸಿದರೆ ‘ಇನ್ ಗುಡ್ ಫೇತ್’ ಇದೆ, ಸದ್ಭಾವದಿಂದ ಎಂದು. ಅದು ನಿಮ್ಮ ಉದ್ದೇಶವನ್ನು ಹೇಳುತ್ತದೆ, ನಿಮ್ಮ ಎಚ್ಚರವನ್ನು ಪ್ರಶ್ನಿಸುವುದಿಲ್ಲ. ಕನ್ನಡದಲ್ಲಿ ದೂರು ಬರೆಯುವುದಾದರೂ ಇದೇ ಲೆಕ್ಕ: ‘ಪೆದ್ದುತನದಿಂದ’, ‘ಮೂರ್ಖತನದಿಂದ’ ಎಂದು ತಮ್ಮನ್ನು ತಾವೇ ಹಳಿದುಕೊಳ್ಳುವವರಿದ್ದಾರೆ. ನೊಂದ ಮನಸ್ಸು ಹಾಗೆ ಬರೆಸುತ್ತದೆ. ಆದರೆ ಆ ಪದಗಳನ್ನು ಹೊಡೆದುಹಾಕಿ ‘ಅವರ ಮಾತನ್ನು ನಂಬಿ’ ಎಂದಷ್ಟೇ ಉಳಿಸಿ. ನಂಬಿದ್ದು ಅಪರಾಧವಲ್ಲ, ನಂಬಿಸಿ ಕಸಿದದ್ದು ಅಪರಾಧ.

ಇದರ ಜೊತೆಗೇ ಇನ್ನೊಂದು ಮಾತು. ಎದುರಿಗಿರುವವರಿಗೆ ‘ಯು ನೈಈವ್ಲಿ ಅಸ್ಯೂಮ್ಡ್’ ಎಂದು ಪತ್ರದಲ್ಲಿ ಬರೆದರೆ ‘ನಿಮಗೆ ಲೋಕ ಗೊತ್ತಿಲ್ಲ’ ಎಂದಂತೆ. ಮೇಲಧಿಕಾರಿಗಂತೂ ಬೇಡವೇ ಬೇಡ. ‘ದ ಅಸಂಪ್ಷನ್ ಡಸ್ ನಾಟ್ ಹೋಲ್ಡ್’ ಎಂದರೆ ತಪ್ಪು ಎಣಿಕೆಯ ಮೇಲೆ ಬೀಳುತ್ತದೆ, ಎಣಿಸಿದವರ ಮೇಲಲ್ಲ.

ಪ್ರಶ್ನೆ: ವಾಕ್ಯದಲ್ಲಿ ಇದರ ಜಾಗ ಎಲ್ಲಿ?

ಕರ್ತೃ ಮತ್ತು ಮುಖ್ಯ ಕ್ರಿಯಾಪದದ ನಡುವೆ: ‘ದೇ ನೈಈವ್ಲಿ ಹೋಪ್ಡ್’. ಸಹಾಯಕ ಕ್ರಿಯಾಪದ ಇದ್ದರೆ ಅದರ ನಂತರ: ‘ದೇ ಹ್ಯಾಡ್ ನೈಈವ್ಲಿ ಹೋಪ್ಡ್’. ವಾಕ್ಯದ ಮೊದಲಿಗೆ ಬಂದು ಅಲ್ಪವಿರಾಮ ಬಿದ್ದರೆ ತೀರ್ಪು ಇಡೀ ವಾಕ್ಯಕ್ಕೆ ಹರಡುತ್ತದೆ: ‘ನೈಈವ್ಲಿ, ದೇ ಹೋಪ್ಡ್…’ ಕೊನೆಯಲ್ಲಿ ಇಡುವುದು ಚೆನ್ನಾಗಿ ಕೇಳಿಸುವುದಿಲ್ಲ. ಬಿಲೀವ್, ಅಸ್ಯೂಮ್, ಥಿಂಕ್, ಹೋಪ್, ಎಕ್ಸ್‌ಪೆಕ್ಟ್, ಇಮ್ಯಾಜಿನ್ ಇವು ಅದರ ನಿತ್ಯದ ಜೊತೆಗಾರರು. ಗುಣವಾಚಕದ ಹಿಂದೆಯೂ ಬರುತ್ತದೆ, ‘ನೈಈವ್ಲಿ ಆಪ್ಟಿಮಿಸ್ಟಿಕ್’ ಎಂದು. ಅಂದರೆ ಬುಡವಿಲ್ಲದ ಆಶಾವಾದ.

ಪ್ರಶ್ನೆ: ಕಂಪ್ಯೂಟರ್ ಪಾಠದಲ್ಲಿ ‘ನೈಈವ್ ಆಲ್ಗರಿದಮ್’ ಎಂದೂ ಗಣಿತದಲ್ಲಿ ‘ನೈಈವ್ಲಿ, ಒನ್ ವುಡ್ ಎಕ್ಸ್‌ಪೆಕ್ಟ್’ ಎಂದೂ ಬರುತ್ತದೆ. ಅಲ್ಲಿ ಯಾರು ಯಾರನ್ನು ನಂಬಿದರು?

ಅಲ್ಲಿ ನಂಬಿದ್ದು ಮನುಷ್ಯರನ್ನಲ್ಲ, ಮೊದಲು ಹೊಳೆದ ದಾರಿಯನ್ನು. ಅದೇ ಕಾರಣಕ್ಕೆ ಬೈಗುಳದ ಖಾರವೂ ಇಲ್ಲಿಲ್ಲ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 1,000 ಹೆಸರುಗಳ ಪಟ್ಟಿಯಲ್ಲಿ ಯಾವುದಾದರೂ ಎರಡು ಸಲ ಬಂದಿದೆಯೇ ಎಂದು ಹುಡುಕಬೇಕು. ತಕ್ಷಣ ಹೊಳೆಯುವ ದಾರಿ, ಪ್ರತಿ ಹೆಸರನ್ನೂ ಉಳಿದ ಎಲ್ಲದರ ಜೊತೆ ಹೋಲಿಸುವುದು. ಜೋಡಿಗಳ ಸಂಖ್ಯೆ 1,000ವನ್ನು 999ರಿಂದ ಗುಣಿಸಿ 2ರಿಂದ ಭಾಗಿಸಿದಷ್ಟು, ಅಂದರೆ 4,99,500 ಹೋಲಿಕೆ. ಉತ್ತರ ಸರಿಯಾಗಿಯೇ ಬರುತ್ತದೆ, ಶ್ರಮ ದುಬಾರಿ. ಮೊದಲು ಅಕಾರಾದಿಯಾಗಿ ಜೋಡಿಸಿಕೊಂಡರೆ ಒಂದೇ ಬಗೆಯ ಹೆಸರುಗಳು ಅಕ್ಕಪಕ್ಕ ಬಂದು ಕೂರುತ್ತವೆ. ಜೋಡಿಸಲು ಸುಮಾರು 10,000 ಹೋಲಿಕೆ, ಆಮೇಲೆ ಅಕ್ಕಪಕ್ಕ ನೋಡಲು 999. ಮೊದಲ ದಾರಿಯೇ ‘ನೈಈವ್’. ಕನ್ನಡದಲ್ಲಿ ‘ನೇರ ವಿಧಾನ’, ‘ಮೊದಲು ಹೊಳೆಯುವ ವಿಧಾನ’ ಎನ್ನಬಹುದು. ‘ಮುಗ್ಧ ಕ್ರಮಾವಳಿ’ ಎಂದರೆ ವಿದ್ಯಾರ್ಥಿಗೆ ಏನೂ ತಿಳಿಯುವುದಿಲ್ಲ.

‘ನೈಈವ್ಲಿ, ಒನ್ ವುಡ್ ಎಕ್ಸ್‌ಪೆಕ್ಟ್’ ಎಂಬುದಕ್ಕೆ ‘ಮೇಲ್ನೋಟಕ್ಕೆ ಹೀಗೆನಿಸುತ್ತದೆ’. ಭಾರದ ಕಲ್ಲು ಹಗುರದ ಕಲ್ಲಿಗಿಂತ ಬೇಗ ಬೀಳುತ್ತದೆ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಗಾಳಿಯ ತಡೆಯನ್ನು ಬಿಟ್ಟರೆ ಎರಡೂ ಒಟ್ಟಿಗೇ ಬೀಳುತ್ತವೆ. ಮೊದಲ ವಾಕ್ಯದ ‘ಮೇಲ್ನೋಟಕ್ಕೆ’ ಎಂಬುದೇ ಮುಂದೆ ‘ಆದರೆ’ ಬರುತ್ತದೆ ಎಂದು ಸೂಚನೆ ಕೊಡುತ್ತದೆ. ಇಂಗ್ಲಿಷಿನಲ್ಲಿ ‘ನೈಈವ್ಲಿ’ ಮಾಡುವ ಕೆಲಸವೂ ಅದೇ.

‘ನೈಈವ್ ಬೇಯ್ಸ್’ ಎಂಬ ವರ್ಗೀಕರಣ ವಿಧಾನದಲ್ಲಿ ನಂಬಿಕೆ ಇನ್ನೂ ಸ್ಪಷ್ಟ. ಒಂದು ವರ್ಗದೊಳಗೆ ಲಕ್ಷಣಗಳು ಒಂದಕ್ಕೊಂದು ಸಂಬಂಧವಿಲ್ಲದೆ ಸ್ವತಂತ್ರವಾಗಿ ಬರುತ್ತವೆ ಎಂದು ಅದು ಎಣಿಸುತ್ತದೆ. ನಿಜವಾದ ಬರಹದಲ್ಲಿ ಪದಗಳು ಹಾಗೆ ಬರುವುದಿಲ್ಲ, ‘ಮಳೆ’ ಬಂದ ಕಡೆ ‘ಮೋಡ’ವೂ ಬರುತ್ತದೆ. ಆದರೂ ಬೇಡದ ಮೇಲ್‌ಗಳನ್ನು ಬೇರ್ಪಡಿಸುವಂಥ ಕೆಲಸಗಳಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ.

ವೈದ್ಯಕೀಯದಲ್ಲಿ ಅರ್ಥ ಮತ್ತೂ ಸರಿಯುತ್ತದೆ. ‘ಟ್ರೀಟ್‌ಮೆಂಟ್-ನೈಈವ್’ ಎಂದರೆ ಆ ಕಾಯಿಲೆಗೆ ಈವರೆಗೆ ಚಿಕಿತ್ಸೆ ಪಡೆಯದ ರೋಗಿ. ‘ನೈಈವ್ ಟಿ ಕೋಶ’ ಎಂದರೆ ತಾನು ಗುರುತಿಸಬೇಕಾದ ಪ್ರತಿಜನಕವನ್ನು, ಅಂದರೆ ರೋಗಾಣುವಿನ ತುಣುಕಿನಂಥ ಗುರುತನ್ನು, ಇನ್ನೂ ಎದುರಿಸದ ರೋಗನಿರೋಧಕ ಕೋಶ. ಇಲ್ಲಿ ತೀರ್ಪು ಪೂರ್ತಿ ಕಳಚಿಹೋಗಿ ‘ಅನುಭವ ಇಲ್ಲ’ ಎಂಬ ಎರಡನೆಯ ಸಂಗತಿಯೊಂದೇ ಉಳಿದಿದೆ. ‘ಮೊದಲ ಸಲದ’, ‘ಇನ್ನೂ ಔಷಧ ಕಾಣದ’ ಎಂದು ಬಿಡಿಸಿ ಹೇಳುವುದೇ ಕ್ಷೇಮ.

ಪ್ರಶ್ನೆ: ‘ಮುಗ್ಧ’ ಪದಕ್ಕೆ ಹಿಂದೆ ಮೂಢ ಎಂಬ ಅರ್ಥವೂ ಇತ್ತೆಂದು ಕೇಳಿದ್ದೇನೆ. ನಿಜವೇ? ‘ನೈಈವ್’ನ ಮೂಲ ಯಾವುದು?

ನಿಜ. ಸಂಸ್ಕೃತದ ‘ಮುಹ್’ ಧಾತುವಿಗೆ ಮಂಕಾಗು, ದಿಕ್ಕುತೋಚದಂತಾಗು ಎಂದು ಅರ್ಥ. ಮೋಹ, ಮೂಢ, ಮುಗ್ಧ ಮೂರೂ ಅದರ ಮಕ್ಕಳು. ‘ಮುಗ್ಧ’ ಮತ್ತು ‘ಮೂಢ’ ಒಂದೇ ಕೃದಂತದ ಎರಡು ರೂಪಗಳು, ಎರಡನ್ನೂ ವ್ಯಾಕರಣ ಒಪ್ಪುತ್ತದೆ. ಬಳಕೆಯಲ್ಲಿ ದಾರಿ ಬೇರೆಯಾಯಿತು. ‘ಮೂಢ’ ಬೈಗುಳಕ್ಕೆ ಇಳಿಯಿತು, ‘ಮುಗ್ಧ’ ಚೆಲುವಿಗೆ ಏರಿತು. ಕಾವ್ಯಶಾಸ್ತ್ರದಲ್ಲಿ ನಾಯಿಕೆಯರನ್ನು ಮುಗ್ಧಾ, ಮಧ್ಯಾ, ಪ್ರಗಲ್ಭಾ ಎಂದು ವಿಂಗಡಿಸುವಾಗ ‘ಮುಗ್ಧಾ’ ಎಂದರೆ ಪ್ರೇಮದಲ್ಲಿ ಇನ್ನೂ ಅನುಭವವಿಲ್ಲದ ಎಳೆಯ ಹುಡುಗಿ. ಅಲ್ಲಿ ಬುದ್ಧಿಯ ಮಾತಿಲ್ಲ, ಅನುಭವದ ಮಾತು ಮಾತ್ರ. ಆ ಒಂದು ಬಳಕೆ ‘ನೈಈವ್’ಗೆ ಬಹಳ ಹತ್ತಿರ.

‘ನೈಈವ್’ ನಡೆದದ್ದು ತಿರುಗು ದಾರಿಯಲ್ಲಿ. ಲ್ಯಾಟಿನಿನ ‘ನಾಟಿವುಸ್’, ಅಂದರೆ ಹುಟ್ಟಿನಿಂದ ಬಂದದ್ದು. ಅದು ಫ್ರೆಂಚಿನಲ್ಲಿ ‘ನಾಈಫ್’, ಅದರ ಸ್ತ್ರೀಲಿಂಗ ‘ನಾಈವ್’. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಕೃತಕತೆ ಇಲ್ಲದ, ಸ್ವಾಭಾವಿಕ ಎಂದು. ಅದೇ ‘ನಾಟಿವುಸ್’ನಿಂದಲೇ ‘ನೇಟಿವ್’ ಕೂಡ ಬಂತು. ಕನ್ನಡದಲ್ಲಿ ಇದಕ್ಕೆ ಅಕ್ಷರ ಅಕ್ಷರ ಹೊಂದುವ ಪದ ‘ಸಹಜ’: ಸಹ ಎಂದರೆ ಜೊತೆಗೆ, ಜ ಎಂದರೆ ಹುಟ್ಟಿದ. ಹುಟ್ಟಿದಾಗ ಇದ್ದ ಹಾಗೆಯೇ ಇರುವವರಿಗೆ ಲೋಕದ ಕಪಟ ತಿಳಿದಿರುವುದಿಲ್ಲ ಎಂಬ ಹೆಜ್ಜೆಯಲ್ಲಿ ಮೆಚ್ಚುಗೆಯ ಪದ ಮೆಲ್ಲಗೆ ಆಕ್ಷೇಪದ ಕಡೆ ವಾಲಿತು. ಇಂಗ್ಲಿಷಿನ ‘ಸಿಲ್ಲಿ’ಗೂ ಇದೇ ಆಯಿತು. ಹಳೆಯ ಇಂಗ್ಲಿಷಿನಲ್ಲಿ ಧನ್ಯ, ಸುಖಿ ಎಂಬ ಅರ್ಥವಿದ್ದ ಪದ ನಿರಪರಾಧಿ, ಬಡಪಾಯಿ ಎಂಬ ಮೆಟ್ಟಿಲುಗಳನ್ನು ಇಳಿದು ಪೆದ್ದು ಎಂಬಲ್ಲಿಗೆ ಬಂದು ನಿಂತಿತು.

ಹಾಗಾಗಿ ಇಂದು ‘ನೈಈವ್’ಗೆ ‘ಮುಗ್ಧ’ ಎಂದು ಹಾಕುವಾಗ ಏರಿದ ಪದವನ್ನು ಇಳಿದ ಪದಕ್ಕೆ ಜೋಡಿಸುತ್ತಿದ್ದೇವೆ. ಕೆಲವು ಶತಮಾನ ಹಿಂದೆ ಎರಡೂ ಇನ್ನಷ್ಟು ಚೆನ್ನಾಗಿ ಹೊಂದುತ್ತಿದ್ದವೋ ಏನೋ.

ಚಿತ್ರಕಲೆಯಲ್ಲಿ ಮಾತ್ರ ಹಳೆಯ ಮೆಚ್ಚುಗೆಯ ಅರ್ಥ ಉಳಿದುಕೊಂಡಿದೆ. ಪ್ಯಾರಿಸ್ಸಿನಲ್ಲಿ ಸುಂಕ ವಸೂಲಿಯ ಕೆಲಸದಲ್ಲಿದ್ದು, ಶಾಲೆಯಲ್ಲಿ ಕಲಿಯದೆ ಚಿತ್ರ ಬರೆದ ಹೆನ್ರಿ ರೂಸೋ (1844–1910) ಅವರ ಕಾಡಿನ ಚಿತ್ರಗಳನ್ನು ‘ನೈಈವ್ ಕಲೆ’ ಎನ್ನುತ್ತಾರೆ. ಅಲ್ಲಿ ‘ಸಹಜ ಕಲೆ’ ಎಂದರೆ ಮೂಲಕ್ಕೂ ನ್ಯಾಯ, ಕನ್ನಡಕ್ಕೂ ಒಪ್ಪ.

ಪ್ರಶ್ನೆ: ಇದರ ವಿರುದ್ಧ ಪದ?

ಯಾವ ಸಂಗತಿಯನ್ನು ತಿರುಗಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ನಂಬಿಕೆಯನ್ನು ತಿರುಗಿಸಿದರೆ ‘ವೇರಿಲಿ’, ಅಂದರೆ ಹುಷಾರಾಗಿ, ಅನುಮಾನದಿಂದ. ಅನುಭವದ ಕೊರತೆಯನ್ನು ತಿರುಗಿಸಿದರೆ ‘ಶ್ರೂಡ್ಲಿ’, ಲೋಕ ಅರಿತವರ ಜಾಣತನದಿಂದ. ಎಲ್ಲರ ಉದ್ದೇಶವೂ ಕೆಟ್ಟದ್ದೇ ಎಂದು ಮೊದಲೇ ತೀರ್ಮಾನಿಸಿಕೊಂಡರೆ ‘ಸಿನಿಕಲಿ’. ಪರೀಕ್ಷೆಯಲ್ಲಿ ಒಂದೇ ಪದ ಕೇಳಿದರೆ ‘ಶ್ರೂಡ್ಲಿ’ ಬರೆಯಿರಿ.